ಬೆಂಚಿನ ಮೇಲೆ ಅಜ್ಜಿ, ಬೆನ್ನಿಗೆ ಡಾಕ್ಟರು

2005ರಲ್ಲಿ ಜಿಂಬಾಬ್ವೆಯ ಮನೋವೈದ್ಯ ಡಿಕ್ಸನ್ ಚಿಬಾಂಡಾ ತಮ್ಮ ರೋಗಿಯೊಬ್ಬಳನ್ನು ಕಳೆದುಕೊಂಡರು. ಇನ್ನೂ ಚಿಕ್ಕ ವಯಸ್ಸು. ಒಮ್ಮೆ ಜೀವ ಕಳೆದುಕೊಳ್ಳಲು ಹೋಗಿ ಉಳಿದುಕೊಂಡಿದ್ದಳು. ಮತ್ತೆ ಬಂದು ಕಾಣಬೇಕು ಅಂತ ಮಾತಾಗಿತ್ತು. ಅವಳು ಬರಲೇ ಇಲ್ಲ, ತಾಯಿಯಿಂದ ಸಾವಿನ ಸುದ್ದಿ ಬಂತು. ಯಾಕೆ ಕರೆದುಕೊಂಡು ಬರಲಿಲ್ಲ ಎಂದು ಕೇಳಿದರೆ, ಬಸ್ಸಿಗೆ ಬೇಕಿದ್ದ 15 ಡಾಲರ್ ನಮ್ಮ ಹತ್ತಿರ ಇರಲಿಲ್ಲ ಎಂದರು ಆ ತಾಯಿ.

ಔಷಧಿ ಇತ್ತು. ಡಾಕ್ಟರೂ ಇದ್ದರು. ಆದರೆ ಎರಡೂ ಇದ್ದದ್ದು ಇನ್ನೊಂದು ಊರಲ್ಲಿ.

ಒಂದು ರಾಜ್ಯದ ಮಾನಸಿಕ ಆರೋಗ್ಯ ವ್ಯವಸ್ಥೆಯನ್ನು ಬಲಪಡಿಸಬೇಕು ಅಂದ ಕೂಡಲೇ ಮೊದಲು ಬರುವ ಮಾತು, ಮನೋವೈದ್ಯರು ಸಾಲದು ಅನ್ನುವುದು. ಅದು ನಿಜವೇ. ಆದರೆ ಲೆಕ್ಕ ಹಾಕಿ ನೋಡಿ. ಅಮೆರಿಕದಲ್ಲಿ ಶಾಲೆ ಮುಗಿಸಿದವರು ಮನೋವೈದ್ಯರಾಗಲು ಕಾಲೇಜು 4 ವರ್ಷ, ವೈದ್ಯಕೀಯ 4 ವರ್ಷ, ಮನೋವೈದ್ಯಕೀಯ ತರಬೇತಿ ಇನ್ನೂ 4 ವರ್ಷ ಓದಬೇಕು. ಇವತ್ತು ಸೀಟು ಹೆಚ್ಚಿಸಿದರೆ ಅದರ ಫಲ ಕಾಣಲು 12 ವರ್ಷ ಬೇಕು. ಓದಿದವರಲ್ಲಿ ಹೆಚ್ಚಿನವರು ದೊಡ್ಡ ಊರುಗಳಲ್ಲೇ ಉಳಿಯುತ್ತಾರೆ. ಅಲ್ಲಿವರೆಗೆ ಉಳಿದವರು ಕಾಯುತ್ತಾ ಕೂರಬೇಕಾ?

ಚಿಬಾಂಡಾ ಕಾಯಲಿಲ್ಲ. 2006ರಲ್ಲಿ ರಾಜಧಾನಿ ಹರಾರೆಯ ಎಂಬಾರೆ ಎಂಬ ಬಡಾವಣೆಯಲ್ಲಿ 14 ಅಜ್ಜಿಯರನ್ನು ಸೇರಿಸಿಕೊಂಡು ಕೆಲಸ ಶುರು ಮಾಡಿದರು. ಆ ಅಜ್ಜಿಯರು ಮೊದಲಿಂದಲೂ ಆರೋಗ್ಯ ಕಾರ್ಯಕರ್ತೆಯರಾಗಿ ಮನೆ ಮನೆ ಸುತ್ತಿದವರು, ಜನ ಬಲ್ಲವರು. ಕ್ಲಿನಿಕ್ಕಿನ ಹೊರಗೆ ಒಂದು ಮರದ ಬೆಂಚು ಹಾಕಿದರು. ಖಿನ್ನತೆ ಎಂಬ ಪದ ಅಲ್ಲಿ ಕೆಲಸಕ್ಕೆ ಬರಲಿಲ್ಲ. ಶೋನಾ ಭಾಷೆಯಲ್ಲಿ ಜನ ಅದಕ್ಕೆ 'ಕುಫುಂಗಿಸಿಸಾ' ಅನ್ನುತ್ತಾರೆ, ಅಂದರೆ ಅತಿಯಾಗಿ ಯೋಚಿಸುವುದು. ಅಜ್ಜಿಯರೂ ಅದೇ ಪದ ಹಿಡಿದರು.

ಬೆಂಚಿನ ಮೇಲೆ ನಡೆಯುವುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಮೊದಲು 14 ಪ್ರಶ್ನೆ, ಉತ್ತರ ಹೌದು ಅಥವಾ ಇಲ್ಲ. ಕಳೆದ ವಾರ ನಿದ್ದೆ ಕೆಟ್ಟಿತ್ತಾ, ಸುಮ್ನೆ ಅಳು ಬರುತ್ತಿತ್ತಾ, ಈ ಥರ. ಒಂಬತ್ತೋ ಅದಕ್ಕಿಂತ ಜಾಸ್ತಿಯೋ ಹೌದು ಬಂದರೆ ಅಜ್ಜಿ ಮುಂದಕ್ಕೆ ಹೋಗುತ್ತಾಳೆ. ಏನೇನು ಕಷ್ಟ ಇದೆ, ಒಂದೊಂದೇ ಹೇಳು ಅನ್ನುತ್ತಾಳೆ. ಬಾಡಿಗೆ ಬಾಕಿ, ಗಂಡನ ಕುಡಿತ, ಮಗುವಿನ ಕಾಯಿಲೆ, ಎಲ್ಲ ಹೊರಗೆ ಬರುತ್ತದೆ. ಇದರಲ್ಲಿ ಮೊದಲು ಯಾವುದಕ್ಕೆ ಕೈ ಹಾಕೋಣ ಎಂದು ಕೇಳುತ್ತಾಳೆ. ಆರಿಸುವುದು ಬಂದವರು, ಅಜ್ಜಿಯಲ್ಲ. ಆ ಒಂದಕ್ಕೆ ಮುಂದಿನ ವಾರದೊಳಗೆ ಮಾಡಬಹುದಾದ ಒಂದು ಸಣ್ಣ ಹೆಜ್ಜೆ ಯಾವುದು ಅನ್ನುವುದನ್ನೂ ಅವರೇ ಹೇಳಬೇಕು. ಹೀಗೆ ಆರು ಭೇಟಿ.

ಇದು ಬರೀ ಸಮಾಧಾನದ ಮಾತಲ್ಲ. ಇದಕ್ಕೆ ಸಮಸ್ಯೆ ಬಿಡಿಸುವ ಚಿಕಿತ್ಸೆ ಅನ್ನುತ್ತಾರೆ. ಖಿನ್ನತೆಯಲ್ಲಿ ಎಲ್ಲ ಕಷ್ಟಗಳೂ ಒಂದಕ್ಕೊಂದು ಅಂಟಿಕೊಂಡು ದೊಡ್ಡ ಮುದ್ದೆಯ ಹಾಗೆ ಕಾಣುತ್ತವೆ. ಎಲ್ಲಿಂದ ಶುರು ಮಾಡುವುದು ಗೊತ್ತಾಗದೆ ಕೈ ಕಾಲು ಆಡುವುದಿಲ್ಲ. ಏನೂ ಮಾಡದಿದ್ದಾಗ ಖುಷಿ ಕೊಡುವಂಥದ್ದೂ ಏನೂ ನಡೆಯುವುದಿಲ್ಲ, ಮನಸ್ಸು ಇನ್ನಷ್ಟು ಕುಗ್ಗುತ್ತದೆ. ಒಂದು ಸಣ್ಣ ಕೆಲಸ ಕೈಗೂಡಿದರೆ ಆ ಸುತ್ತು ಅಲ್ಲಿ ಮುರಿಯುತ್ತದೆ. 24 ಕ್ಲಿನಿಕ್‌ಗಳಲ್ಲಿ 573 ಜನರ ಮೇಲೆ ಇದನ್ನು ಪರೀಕ್ಷಿಸಿದರು. ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಆರು ತಿಂಗಳ ನಂತರ ಮಾಮೂಲಿ ಆರೈಕೆ ಸಿಕ್ಕವರಲ್ಲಿ ಸುಮಾರು 50 ಶೇಕಡಾ ಜನರಿಗೆ ಖಿನ್ನತೆಯ ಲಕ್ಷಣ ಉಳಿದಿತ್ತು. ಬೆಂಚಿಗೆ ಬಂದವರಲ್ಲಿ ಸುಮಾರು 14 ಶೇಕಡಾ.

ಇಂಥದ್ದನ್ನು ಓದಿದಾಗ ಒಂದು ಅಪಾಯ ಇದೆ. ಹಾಗಾದರೆ ಊರೂರಿಗೆ ನಾಲ್ಕು ಜನಕ್ಕೆ ಎರಡು ವಾರ ತರಬೇತಿ ಕೊಟ್ಟರೆ ಮುಗಿಯಿತು ಅನ್ನಿಸಿಬಿಡುತ್ತದೆ. ಮುಗಿಯುವುದಿಲ್ಲ. ತರಬೇತಿಯಲ್ಲಿ ಕಲಿತದ್ದು ಬೇಗ ಸವೆಯುತ್ತದೆ. ಮೇಲಾಗಿ, ದಿನವಿಡೀ ಬೇರೆಯವರ ನೋವು ಕೇಳುವವರಿಗೆ ತಮ್ಮ ಮನಸ್ಸಿನ ಭಾರ ಇಳಿಸಲೂ ಒಂದು ಜಾಗ ಬೇಕು. ಅದು ಸಿಗದಿದ್ದರೆ ಕೆಲಸ ಬಿಟ್ಟು ಹೋಗುತ್ತಾರೆ. ನಾವು ನೇಮಕಾತಿ ಬಗ್ಗೆ ಇಷ್ಟೊಂದು ಮಾತಾಡುತ್ತೇವೆ, ಇರುವವರು ಯಾಕೆ ಹೋಗುತ್ತಿದ್ದಾರೆ ಎಂದು ಕೇಳುವುದು ಕಡಿಮೆ. ನನಗೆ ಇದು ದೊಡ್ಡ ತಪ್ಪು ಅನ್ನಿಸುತ್ತದೆ.

ಗೋವಾದಲ್ಲಿ ಖಿನ್ನತೆಗೆಂದು ನಡೆದ ಇಂಥದ್ದೇ ಪ್ರಯೋಗದ ಫಲಿತಾಂಶ 2017ರಲ್ಲಿ ಬಂತು. ಅಲ್ಲೂ ಆಪ್ತ ಸಲಹೆ ಕೊಟ್ಟವರು ಮನಶ್ಶಾಸ್ತ್ರ ಓದಿದವರಲ್ಲ. ಅಲ್ಲೂ ಮಾಮೂಲಿ ಆರೈಕೆಗಿಂತ ಹೆಚ್ಚು ಜನ ಚೇತರಿಸಿಕೊಂಡರು. ನನಗೆ ಅದಕ್ಕಿಂತ ಮುಖ್ಯ ಅನ್ನಿಸಿದ್ದು ಅವರು ಕೆಲಸ ಮಾಡಿದ ಬಗೆ. ರೋಗಿಗಳ ಜೊತೆಗಿನ ಮಾತುಕತೆಯನ್ನು ರೆಕಾರ್ಡ್ ಮಾಡಿಕೊಂಡು, ಸಲಹೆಗಾರರೆಲ್ಲ ಒಟ್ಟಿಗೆ ಕೂತು ಕೇಳಿ, ಒಬ್ಬರಿಗೊಬ್ಬರು ಅಂಕ ಕೊಡುತ್ತಿದ್ದರು. ಇಲ್ಲಿ ನೀನು ಬೇಗ ಬುದ್ಧಿ ಹೇಳಿಬಿಟ್ಟೆ, ಇನ್ನೂ ಸ್ವಲ್ಪ ಕೇಳಿಸಿಕೊಳ್ಳಬೇಕಿತ್ತು ಅನ್ನುವಂಥ ತಪ್ಪು ಹಾಗೆ ಕೇಳಿದಾಗಲೇ ಕಿವಿಗೆ ಬೀಳುವುದು, ಅಲ್ವಾ?

ದೂರದ ಊರುಗಳಿಗೆ ಈ ಬೆಂಬಲ ತಲುಪಿಸುವ ದಾರಿ ತೋರಿಸಿದ್ದು ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯ. ಅಲ್ಲಿ 2003ರಲ್ಲಿ ಲಿವರ್ ತಜ್ಞ ಸಂಜೀವ್ ಅರೋರಾ 'ಎಕೋ' ಎಂಬ ಯೋಜನೆ ಶುರು ಮಾಡಿದರು. ಲಿವರ್ ಕೆಡಿಸುವ ಹೆಪಟೈಟಿಸ್ ಸಿ ರೋಗಿಗಳು ಆಲ್ಬುಕರ್ಕಿ ನಗರದ ಅವರ ಕ್ಲಿನಿಕ್ಕಿಗೆ ತಿಂಗಳುಗಟ್ಟಲೆ ಕಾಯಬೇಕಿತ್ತು. ಅವರು ರೋಗಿಗಳನ್ನು ಕರೆಸುವ ಬದಲು, ಹಳ್ಳಿಯ ಡಾಕ್ಟರು, ನರ್ಸುಗಳನ್ನು ವಾರಕ್ಕೊಮ್ಮೆ ವಿಡಿಯೋ ಪರದೆಯ ಮುಂದೆ ಕೂರಿಸಿದರು. ಒಬ್ಬರು ತಮ್ಮ ರೋಗಿಯ ಕಥೆಯನ್ನು ಹೆಸರು ಬಿಟ್ಟು ಹೇಳುತ್ತಾರೆ. ತಜ್ಞರು ಪ್ರಶ್ನೆ ಕೇಳುತ್ತಾರೆ, ಬೇರೆ ಊರಿನವರೂ ತಮ್ಮ ಅನುಭವ ಸೇರಿಸುತ್ತಾರೆ. ರೋಗಿ ಮಾತ್ರ ಹಳ್ಳಿಯ ಡಾಕ್ಟರ ಕೈಯಲ್ಲೇ ಇರುತ್ತಾರೆ. 2011ರ ಅಧ್ಯಯನದಲ್ಲಿ ಹಳ್ಳಿಯಲ್ಲೂ ದೊಡ್ಡ ಕ್ಲಿನಿಕ್ಕಿನಲ್ಲೂ ಗುಣವಾದವರು ಒಂದೇ ಸಮ, ಸುಮಾರು 58 ಶೇಕಡಾ. ಇದೇ ಪದ್ಧತಿ ಆಮೇಲೆ ಮಾನಸಿಕ ಕಾಯಿಲೆಗೂ ಕುಡಿತ, ಡ್ರಗ್ಸ್ ಚಟದ ಚಿಕಿತ್ಸೆಗೂ ಬಂತು.

ಎಲ್ಲವನ್ನೂ ಇಂಥ ಕಾರ್ಯಕರ್ತೆಯರೇ ಮಾಡಲು ಆಗುವುದಿಲ್ಲ. ಇಲ್ಲದ್ದು ಕೇಳಿಸುವ, ಕಾಣಿಸುವ ಸ್ಕಿಜೋಫ್ರೇನಿಯಾಕ್ಕೆ, ಮನಸ್ಸು ಅತಿ ಉತ್ಸಾಹಕ್ಕೂ ಖಿನ್ನತೆಗೂ ತೂಗಾಡುವ ಬೈಪೋಲಾರ್ ಕಾಯಿಲೆಗೆ ಔಷಧಿ ಬರೆಯುವ ಡಾಕ್ಟರು ಬೇಕೇ ಬೇಕು. ಬೈಪೋಲಾರ್‌ಗೆ ಕೊಡುವ ಲಿಥಿಯಂ ಎಂಬ ಔಷಧಿ ತೆಗೆದುಕೊಳ್ಳುವವರಿಗೆ ರಕ್ತ ಪರೀಕ್ಷೆ ತಪ್ಪುವಂತಿಲ್ಲ. ತನ್ನ ಕೈಯಲ್ಲಿ ಆಗದ್ದು ಯಾವುದು ಎಂದು ತಿಳಿದು ತಕ್ಷಣ ಮೇಲಕ್ಕೆ ಕಳಿಸುವುದೂ ಕಾರ್ಯಕರ್ತೆಯ ಕಸುಬಿನ ಭಾಗವೇ.

ಜನರನ್ನು ತಯಾರು ಮಾಡದೆ ವ್ಯವಸ್ಥೆ ಬದಲಾಯಿಸಿದರೆ ಏನಾಗುತ್ತದೆ ಅನ್ನುವುದಕ್ಕೂ ಅಮೆರಿಕದ ಇತಿಹಾಸವನ್ನೇ ನೋಡಬೇಕು. 1955ರ ಸುಮಾರಿಗೆ ಅಲ್ಲಿನ ರಾಜ್ಯಗಳ ಮಾನಸಿಕ ಆಸ್ಪತ್ರೆಗಳಲ್ಲಿ 5 ಲಕ್ಷಕ್ಕೂ ಹೆಚ್ಚು ರೋಗಿಗಳಿದ್ದರು. 1963ರಲ್ಲಿ ಅಧ್ಯಕ್ಷ ಕೆನಡಿ ಹೊಸ ಕಾನೂನಿಗೆ ಸಹಿ ಹಾಕಿದರು. ರೋಗಿಗಳನ್ನು ಗೋಡೆಯೊಳಗೆ ಇಡುವ ಬದಲು ಊರಲ್ಲೇ ನೋಡಿಕೊಳ್ಳುವ ಕೇಂದ್ರಗಳನ್ನು ತೆರೆಯುವುದು ಉದ್ದೇಶ. ಒಳ್ಳೆಯ ಉದ್ದೇಶವೇ. ಆಸ್ಪತ್ರೆಗಳು ಖಾಲಿಯಾದವು. ಆದರೆ ಅಂದುಕೊಂಡಷ್ಟು ಕೇಂದ್ರಗಳು ಏಳಲೇ ಇಲ್ಲ, ದುಡ್ಡೂ ಬರಲಿಲ್ಲ. ಎಷ್ಟೋ ಜನ ಬೀದಿಗೆ ಬಿದ್ದರು, ಎಷ್ಟೋ ಜನ ಜೈಲು ಸೇರಿದರು.

ಸರಿಯಾದ ಕಡೆ ದುಡ್ಡು ಹಾಕಿದ ಉದಾಹರಣೆಯೂ ಅಲ್ಲೇ ಇದೆ. 1999ರಲ್ಲಿ ಜಾರ್ಜಿಯಾ ರಾಜ್ಯ, ಮಾನಸಿಕ ಕಾಯಿಲೆಯಿಂದ ತಾವೇ ಚೇತರಿಸಿಕೊಂಡವರಿಗೆ ತರಬೇತಿ ಕೊಟ್ಟು ಬೇರೆ ರೋಗಿಗಳ ಜೊತೆ ನಿಲ್ಲಿಸಿತು. ಅವರ ಸಂಬಳ ಬಡವರ ಸರ್ಕಾರಿ ಆರೋಗ್ಯ ವಿಮೆಯಿಂದ ಬರುವ ಹಾಗೆ ಮಾಡಿತು. ನಾನೂ ಇಲ್ಲಿಂದಲೇ ದಾಟಿ ಬಂದೆ ಅನ್ನುವ ಮಾತು ಅವರ ಬಾಯಿಂದ ಬಂದಾಗ ಅದಕ್ಕೆ ಬೇರೆಯೇ ತೂಕ. ಆ ತೂಕಕ್ಕೆ ಸಂಬಳವೂ ಸಿಗಬೇಕು ಎಂದು ಒಂದು ರಾಜ್ಯ ಒಪ್ಪಿತು.

ಕೊನೆಗೆ ಒಂದು ಪ್ರಶ್ನೆ ಉಳಿಯುತ್ತದೆ. ಖಿನ್ನತೆ ಅಳೆಯಲು ಲೋಕದ ತುಂಬಾ ಬಳಸುವ, ಒಂಬತ್ತು ಪ್ರಶ್ನೆಗಳ ಒಂದು ಹಾಳೆ ಇದೆ. ಅದರ ಒಂಬತ್ತನೆಯದು, ಸತ್ತರೆ ಒಳ್ಳೆಯದು ಅನ್ನಿಸಿತಾ ಎಂದು ಕೇಳುತ್ತದೆ. ಹೊಸಬರು ಅಲ್ಲಿ ತಡವರಿಸುತ್ತಾರೆ. ಕೇಳಿದರೆ ಆ ಯೋಚನೆಯನ್ನು ನಾವೇ ತಲೆಗೆ ಹಾಕಿದಂತೆ ಆಗುತ್ತದೇನೋ ಎಂಬ ಭಯ. ಹಾಗೆ ಆಗುವುದಿಲ್ಲ ಎಂದು ಅಧ್ಯಯನಗಳು ತೋರಿಸಿವೆ, ನೇರವಾಗಿ ಕೇಳಬೇಕು. ಆದರೆ ಕೇಳುವ ಮೊದಲೇ, ಹೌದು ಅಂದರೆ ಯಾರಿಗೆ ಫೋನ್ ಮಾಡುವುದು, ಇವತ್ತೇ ನೋಡುವವರು ಯಾರು, ಜೊತೆಗೆ ಹೋಗುವವರು ಯಾರು ಎಂದು ಕೇಳುವವರ ಮೇಜಿನ ಮೇಲೆ ಬರೆದಿಟ್ಟಿರಬೇಕು. ಬಸ್ ಚಾರ್ಜು ಯಾರು ಕೊಡುತ್ತಾರೆ ಅನ್ನುವುದೂ.