ಮಿದುಳು ಬೆಳೆಯದ ಕೂಸು: ಕಾರಣ ಹುಡುಕಿದ ದಾರಿ

1826ರಲ್ಲಿ ಪ್ಯಾರಿಸ್‌ನಲ್ಲಿ ಒಂದು ಪುಟ್ಟ ಮಮ್ಮಿ ವಿಜ್ಞಾನಿಗಳ ಕಣ್ಣಿಗೆ ಬಿತ್ತು. ಈಜಿಪ್ಟಿನ ಹರ್ಮೊಪೊಲಿಸ್‌ನಲ್ಲಿ, ಪವಿತ್ರ ಪ್ರಾಣಿಗಳನ್ನು ಹೂಳುತ್ತಿದ್ದ ಜಾಗದಲ್ಲಿ ಸಿಕ್ಕಿದ್ದು. ಹಾಗಾಗಿ ಕೋತಿ ಇರಬೇಕು ಅಂದುಕೊಂಡಿದ್ದರು. ಫ್ರೆಂಚ್ ಪ್ರಾಣಿಶಾಸ್ತ್ರಜ್ಞ ಎತಿಯೆನ್ ಜೋಫ್ರ್ವಾ ಸಾಂತ್ ಇಲೇರ್ ಪರೀಕ್ಷೆ ಮಾಡಿದರು. ಅದು ಮನುಷ್ಯರ ಕೂಸು. ನೆತ್ತಿಯ ಮೂಳೆಯೇ ಇರಲಿಲ್ಲ, ಮಿದುಳು ಬೆಳೆದಿರಲಿಲ್ಲ.

ಇದನ್ನೇ ಈಗ ಅನೆನ್ಸೆಫಲಿ ಅನ್ನುತ್ತಾರೆ. ಇಂಥ ಕೂಸು ಹೊಟ್ಟೆಯಲ್ಲೇ ತೀರಿಕೊಳ್ಳುತ್ತದೆ, ಇಲ್ಲವೇ ಹುಟ್ಟಿದ ಕೆಲವು ಗಂಟೆ, ಕೆಲವು ದಿನಗಳಲ್ಲಿ.

ಆ ಕಾಲದ ಯುರೋಪಿನಲ್ಲಿ ಇದಕ್ಕೆ ಬಸುರಿಯನ್ನೇ ದೂರುತ್ತಿದ್ದರು. ಅವಳು ಏನನ್ನೋ ನೋಡಿ ಬೆಚ್ಚಿಬಿದ್ದಳಂತೆ, ಅದು ಕೂಸಿನ ಮೇಲೆ ಅಚ್ಚೊತ್ತಿತಂತೆ. ನಮ್ಮಲ್ಲಿ ಗ್ರಹಣದ ಹೊತ್ತು ಬಸುರಿಯನ್ನು ಹೊರಗೆ ಬಿಡದಿರುವುದೂ ಇಂಥದ್ದೇ ಭಯದಿಂದ ಅಲ್ವಾ? ಸಾಂತ್ ಇಲೇರ್ ಮಾತ್ರ, ಬೆಳವಣಿಗೆ ನಡುವೆಯೇ ನಿಂತಿದೆ ಅಷ್ಟೇ ಎಂದರು. ಏಕೆ ನಿಲ್ಲುತ್ತದೆ ಎಂಬುದರ ಸುಳಿವು ಸಿಗಲು ಇನ್ನೂ ನೂರು ವರ್ಷ ದಾಟಬೇಕಾಯಿತು.

ಆ ದಾರಿ ಬೊಂಬಾಯಿಯ ಮೂಲಕ ಹಾದುಹೋಗಿದೆ. ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ 1928ರಲ್ಲಿ ಇಲ್ಲಿಗೆ ಬಂದರು. ಬಟ್ಟೆ ಗಿರಣಿಯಲ್ಲಿ ದುಡಿಯುತ್ತಿದ್ದ ಬಡ ಬಸುರಿಯರ ರಕ್ತಹೀನತೆ ಅವರ ವಿಷಯ. ಮಾರ್ಮೈಟ್ ಎಂಬ ಯೀಸ್ಟ್ ತಿನಿಸು ಕೊಟ್ಟರೆ ಅವರು ಚೇತರಿಸಿಕೊಳ್ಳುತ್ತಿದ್ದರು. ಅದರೊಳಗೆ ಏನಿದೆ ಅಂತ ಆಗ ತಿಳಿದಿರಲಿಲ್ಲ. 1941ರಲ್ಲಿ ಅಮೆರಿಕದಲ್ಲಿ ಪಾಲಕ್ ಸೊಪ್ಪಿನಿಂದ ಒಂದು ಅಂಶ ತೆಗೆದು ಫೋಲಿಕ್ ಆಸಿಡ್ ಎಂದು ಹೆಸರಿಟ್ಟರು. ಲ್ಯಾಟಿನ್‌ನಲ್ಲಿ ಫೋಲಿಯಂ ಅಂದರೆ ಎಲೆ. ಮಾರ್ಮೈಟ್‌ನಲ್ಲಿದ್ದದ್ದೂ ಇದೇ. 1945ರ ಹೊತ್ತಿಗೆ ಅದನ್ನು ಪ್ರಯೋಗಾಲಯದಲ್ಲಿ ತಯಾರಿಸಿದ ತಂಡವನ್ನು ಮುನ್ನಡೆಸಿದವರು ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್. ಇವರನ್ನು ನಾವು ನೆನೆಯುವುದು ತೀರಾ ಕಡಿಮೆ.

1965ರಲ್ಲಿ ಲಿವರ್‌ಪೂಲ್‌ನ ವೈದ್ಯರಾದ ಹಿಬ್ಬರ್ಡ್ ಮತ್ತು ಸ್ಮಿಥೆಲ್ಸ್ ಎರಡು ಎಳೆಗಳನ್ನು ಸೇರಿಸಿದರು. ಮಿದುಳು ಇಲ್ಲವೇ ಬೆನ್ನುಹುರಿ ಸರಿಯಾಗಿ ಬೆಳೆಯದ ಕೂಸುಗಳ ತಾಯಂದಿರಲ್ಲಿ ಫೋಲಿಕ್ ಆಸಿಡ್ ಕೊರತೆಯ ಗುರುತು ಜಾಸ್ತಿ ಕಾಣುತ್ತಿತ್ತು. ಸ್ಮಿಥೆಲ್ಸ್ ಮುಂದೆ, ಹಿಂದಿನ ಬಸಿರಿನಲ್ಲಿ ಈ ತೊಂದರೆ ಕಂಡವರಿಗೆ ವಿಟಮಿನ್ ಮಾತ್ರೆ ಕೊಟ್ಟು ನೋಡಿದರು. 1980ರಲ್ಲಿ ಬಂದ ಫಲಿತಾಂಶ ಚೆನ್ನಾಗಿತ್ತು. ಆದರೆ ಕೆಲವರಿಗೆ ವಿಟಮಿನ್ ಇಲ್ಲದ ಸಪ್ಪೆ ಮಾತ್ರೆ ಕೊಟ್ಟು ಹೋಲಿಸಲು ನೀತಿ ಸಮಿತಿಗಳು ಒಪ್ಪಿರಲಿಲ್ಲ. ಆ ಹೋಲಿಕೆ ಇಲ್ಲದ ಫಲಿತಾಂಶವನ್ನು ಬಹಳ ಜನ ನಂಬಲಿಲ್ಲ. ಕರುಣೆಯಿಂದ ಮಾಡಿದ ತೀರ್ಮಾನವೇ ಅನುಮಾನಕ್ಕೆ ದಾರಿಯಾಯಿತು. ಈ ಇಡೀ ಕಥೆಯಲ್ಲಿ ನನ್ನನ್ನು ತುಂಬಾ ಕಾಡುವ ಭಾಗ ಇದು.

ಕೊನೆಗೆ 7 ದೇಶಗಳ 33 ಕೇಂದ್ರಗಳಲ್ಲಿ, ಹಿಂದಿನ ಬಸಿರಿನಲ್ಲಿ ಈ ತೊಂದರೆ ಕಂಡಿದ್ದ 1,817 ಹೆಂಗಸರ ಮೇಲೆ ದೊಡ್ಡ ಪರೀಕ್ಷೆ ನಡೆಯಿತು. ಫೋಲಿಕ್ ಆಸಿಡ್ ತೆಗೆದುಕೊಂಡ ಗುಂಪಿನಲ್ಲಿ 6 ಬಸಿರುಗಳಿಗೆ ತೊಂದರೆ, ತೆಗೆದುಕೊಳ್ಳದವರಲ್ಲಿ 21. ಅಂದರೆ 72% ಕಡಿಮೆ. 1991ರಲ್ಲಿ ಪರೀಕ್ಷೆಯನ್ನು ಅವಧಿಗೆ ಮೊದಲೇ ನಿಲ್ಲಿಸಿದರು. ಅಷ್ಟು ಸ್ಪಷ್ಟವಾಗಿತ್ತು. ಮರುವರ್ಷ ಹಂಗೇರಿಯ ಅಧ್ಯಯನ, ಮೊದಲ ಸಲ ಬಸುರಿಯಾಗುವವರಿಗೂ ಇದರಿಂದ ಉಪಯೋಗವಿದೆ ಎಂದು ತೋರಿಸಿತು. 1998ರಿಂದ ಅಮೆರಿಕದಲ್ಲಿ ಹಿಟ್ಟಿಗೇ ಬೆರೆಸುವುದು ಕಡ್ಡಾಯವಾಯಿತು. 7 ದೇಶಗಳ ಆ ಪರೀಕ್ಷೆಯನ್ನು ಮುನ್ನಡೆಸಿದ ಬ್ರಿಟನ್ ಅಂಥ ನಿಯಮ ಮಾಡಿದ್ದು 2024ರಲ್ಲಿ.

ಹಿಟ್ಟಿಗೇ ಏಕೆ ಬೆರೆಸಬೇಕು, ಮಾತ್ರೆ ಸಾಲದೇ ಎಂದು ಕೇಳುವವರಿದ್ದಾರೆ. ಗರ್ಭದಲ್ಲಿ ಮಿದುಳು ಮತ್ತು ಬೆನ್ನುಹುರಿಯಾಗುವ ಕೊಳವೆ, ಬಸಿರು ಕಟ್ಟಿದ ಸುಮಾರು 28 ದಿನಗಳಲ್ಲಿ ಮುಚ್ಚಿಕೊಳ್ಳುತ್ತದೆ. ತಲೆಯ ಕಡೆ ಮುಚ್ಚದೆ ಉಳಿದರೆ ಅನೆನ್ಸೆಫಲಿ. ಮುಟ್ಟು ನಿಂತಿತು ಅಂತ ಗೊತ್ತಾಗುವಾಗಲೇ ಅದರಲ್ಲಿ ಅರ್ಧ ಕಳೆದಿರುತ್ತದೆ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ, ಮಗು ಬೇಕೆಂದು ಯೋಚಿಸಿದಾಗಿನಿಂದಲೇ ದಿನಕ್ಕೆ 400 ಮೈಕ್ರೋಗ್ರಾಂ ತೆಗೆದುಕೊಳ್ಳಿ ಎನ್ನುತ್ತದೆ. ನಮ್ಮ ಎಷ್ಟೋ ಹೆಣ್ಣುಮಕ್ಕಳು ಮೊದಲ ಸಲ ಆಸ್ಪತ್ರೆಗೆ ಹೋಗಿ ತಾಯಿ ಕಾರ್ಡ್ ಮಾಡಿಸುವುದು ಎರಡನೆಯದೋ ಮೂರನೆಯದೋ ತಿಂಗಳಲ್ಲಿ. ಮಾತ್ರೆ ಕೈಗೆ ಬರುವುದೂ ಆವಾಗಲೇ.