ಜರ್ಮನಿಕ್ ಭಾಷೆಗಳ ತವರು ಯಾವುದು?

ಹಳಗನ್ನಡದ ‘ಪಾಲ್’ ನಮ್ಮ ಬಾಯಲ್ಲಿ ‘ಹಾಲು’ ಆಯಿತು, ‘ಪೂ’ ಹೋಗಿ ‘ಹೂ’ ಬಂತು. ಇಂಥದ್ದೇ ಬದಲಾವಣೆ ಉತ್ತರ ಯುರೋಪಿನಲ್ಲೂ ಒಮ್ಮೆ ಆಗಿದೆ. ಸಂಸ್ಕೃತದ ‘ಪಿತೃ’, ‘ಪಾದ’ದ ಪಕ್ಕ ಇಂಗ್ಲಿಷಿನ ‘ಫಾದರ್’, ‘ಫುಟ್’ ಇಟ್ಟು ನೋಡಿ. ‘ತ್ರಿ’ ಇದ್ದಲ್ಲಿ ‘ಥ್ರೀ’, ‘ದ್ವಿ’ ಇದ್ದಲ್ಲಿ ‘ಟೂ’. ಡೆನ್ಮಾರ್ಕಿನ ರಾಸ್ಮಸ್ ರಾಸ್ಕ್ 1818ರಲ್ಲಿ, ಜರ್ಮನಿಯ ಯಾಕೋಬ್ ಗ್ರಿಮ್ 1822ರಲ್ಲಿ ಇದನ್ನು ಬಿಡಿಸಿ ತೋರಿಸಿದರು. ಇಂಗ್ಲಿಷ್, ಜರ್ಮನ್, ಡಚ್, ಸ್ವೀಡಿಷ್ ಒಂದೇ ತಾಯಿಯ ಮಕ್ಕಳು, ಅಂದರೆ ಜರ್ಮನಿಕ್ ಭಾಷೆಗಳು ಎನ್ನುವುದಕ್ಕೆ ಈ ಬದಲಾವಣೆಯೇ ದೊಡ್ಡ ಗುರುತು.

ಆದರೆ ಒಂದು ತೊಡಕು ಉಳಿದಿತ್ತು. ‘ಪಿತಾ’, ‘ಭ್ರಾತಾ’ ಎರಡರಲ್ಲೂ ಇರುವುದು ‘ತ’. ಜರ್ಮನ್‌ನಲ್ಲಿ ಮಾತ್ರ ಅಪ್ಪ ‘ಫಾಟರ್’, ಅಣ್ಣ ‘ಬ್ರೂಡರ್’. ಒಂದರಲ್ಲಿ ಟ, ಇನ್ನೊಂದರಲ್ಲಿ ಡ ಯಾಕೆ? 1877ರಲ್ಲಿ ಡೆನ್ಮಾರ್ಕಿನ ಭಾಷಾ ವಿಜ್ಞಾನಿ ಕಾರ್ಲ್ ವೆರ್ನರ್ ಉತ್ತರ ಕೊಟ್ಟರು. ಅದು ಸಿಕ್ಕಿದ್ದು ವೇದದ ಸ್ವರದಲ್ಲಿ! ‘ಪಿತಾ’ದಲ್ಲಿ ಉದಾತ್ತ, ಅಂದರೆ ಎತ್ತರದ ಸ್ವರ, ಬರುವುದು ಕೊನೆಯ ಅಕ್ಷರಕ್ಕೆ, ‘ಭ್ರಾತಾ’ದಲ್ಲಿ ಮೊದಲ ಅಕ್ಷರಕ್ಕೆ. ಒತ್ತಿನ ಜಾಗ ಬೇರೆಯಾದ್ದರಿಂದಲೇ ಒಂದೇ ‘ತ’ ಎರಡು ದಾರಿ ಹಿಡಿಯಿತು. ಉತ್ತರ ಯುರೋಪಿನ ಜನ ಎಂದೋ ಮರೆತ ಒತ್ತನ್ನು ವೇದ ಹೇಳುವವರು ಬಾಯಲ್ಲೇ ಉಳಿಸಿಕೊಂಡಿದ್ದರು. ಭಾಷಾ ವಿಜ್ಞಾನದಲ್ಲಿ ನನಗೆ ಇದಕ್ಕಿಂತ ಇಷ್ಟವಾದ ಕಥೆ ಇಲ್ಲ.

ಭಾಷೆ ಹೇಗೆ ಬದಲಾಯಿತು ಅನ್ನುವುದು ತಿಳಿಯಿತು. ಎಲ್ಲಿ ಹುಟ್ಟಿತು ಅನ್ನುವಲ್ಲಿ ಜಗಳ ಶುರುವಾಯಿತು. ಒಂದೇ ಥರದ ಮಡಕೆ ಸಿಕ್ಕಲ್ಲೆಲ್ಲ ಒಂದೇ ಜನಾಂಗವಿತ್ತು ಎಂದು ಜರ್ಮನಿಯ ಪುರಾತತ್ವಜ್ಞ ಗುಸ್ಟಾಫ್ ಕೊಸ್ಸಿನ್ನ 1911ರಲ್ಲಿ ವಾದಿಸಿದರು. ಮುಂದೆ ನಾಜಿಗಳು ಪಕ್ಕದ ದೇಶಗಳ ನೆಲ ತಮ್ಮದು ಎನ್ನಲು ಇದೇ ವಾದ ಹಿಡಿದರು. ಮಡಕೆಯನ್ನು ಯಾರು ಬೇಕಾದರೂ ಕೊಂಡು ತರಬಹುದು, ಅಲ್ವಾ? ಅದನ್ನು ನೋಡಿ ಮನೆಮಾತು ಹೇಳುವುದು ತಪ್ಪು.

1932ರಲ್ಲಿ ಜರ್ಮನಿಯ ಭಾಷಾ ವಿಜ್ಞಾನಿ ಜಿಗ್ಮುಂಡ್ ಫೈಸ್ಟ್ ಬೇರೆಯೇ ಮಾತು ಹೇಳಿದರು. ಜರ್ಮನಿಕ್ ಪದಗಳಲ್ಲಿ ಸುಮಾರು ಮೂರನೇ ಒಂದು ಪಾಲಿಗೆ ಇಂಡೋ-ಯುರೋಪಿಯನ್ (ಸಂಸ್ಕೃತವೂ ಸೇರಿರುವ ದೊಡ್ಡ ಭಾಷಾ ಕುಟುಂಬ) ಮೂಲವಿಲ್ಲ, ಅವು ಅಲ್ಲಿ ಮೊದಲೇ ಇದ್ದ ಜನರವು ಎಂದರು. ಅಷ್ಟು ಪಾಲನ್ನು ಇಂದು ಹೆಚ್ಚಿನವರು ಒಪ್ಪುವುದಿಲ್ಲ. ಆದರೂ ‘ಶುದ್ಧ ಜನಾಂಗ’ದ ಗದ್ದಲದ ನಡುವೆ ಅವರು ಕೇಳಿದ ಪ್ರಶ್ನೆ ದೊಡ್ಡದು. ಯಹೂದಿಯಾಗಿದ್ದ ಫೈಸ್ಟ್ ಕೊನೆಗೆ ದೇಶ ಬಿಟ್ಟು ಡೆನ್ಮಾರ್ಕಿಗೆ ಹೋಗಬೇಕಾಯಿತು.

ಈಗ ಹೆಚ್ಚಿನವರು ಬೆರಳು ತೋರಿಸುವುದು ದಕ್ಷಿಣ ಸ್ಕ್ಯಾಂಡಿನೇವಿಯ, ಡೆನ್ಮಾರ್ಕ್, ಉತ್ತರ ಜರ್ಮನಿಯ ಕಡೆಗೆ. ಕ್ರಿ.ಪೂ. 6ನೇ ಶತಮಾನದ ಹೊತ್ತಿಗೆ ಉತ್ತರ ಜರ್ಮನಿಯಲ್ಲಿ ಬೆಳೆದ ಯಾಸ್ಟೋರ್ಫ್ ಸಂಸ್ಕೃತಿಯ ಜನ ಈ ಭಾಷೆ ಆಡುತ್ತಿದ್ದರು ಎಂಬ ಊಹೆ ಬಲವಾಗಿದೆ. 2024ರಲ್ಲಿ ಹೊರಬಂದ ಡಿಎನ್‌ಎ ಅಧ್ಯಯನವೊಂದು ಇನ್ನೂ ಹಿಂದಕ್ಕೆ ಹೋಯಿತು. ಸುಮಾರು 4,000 ವರ್ಷಗಳ ಹಿಂದೆ ಬಾಲ್ಟಿಕ್ ಸಮುದ್ರದ ಪೂರ್ವದಿಂದ ಸ್ಕ್ಯಾಂಡಿನೇವಿಯಕ್ಕೆ ಬಂದ ಜನರೇ ಇದರ ಬೇರು ತಂದಿರಬಹುದು ಎಂದಿತು. ಮೂಳೆಯಲ್ಲಿ ಡಿಎನ್‌ಎ ಸಿಗುತ್ತದೆ, ಮಾತು ಸಿಗುವುದಿಲ್ಲ. ಹಾಗಾಗಿ ನಾನು ಪದಗಳನ್ನೇ ಜಾಸ್ತಿ ನಂಬುತ್ತೇನೆ.

ಬಾಲ್ಟಿಕ್ ಕರಾವಳಿಯಲ್ಲೇ ಅಂಥ ಪದಗಳಿವೆ. ಫಿನ್ನಿಷ್ ಜರ್ಮನಿಕ್ ಭಾಷೆಯಲ್ಲ, ಆದರೆ ಬಹಳ ಹಿಂದೆ ಅಲ್ಲಿಂದ ಪದಗಳನ್ನು ಕಡ ತಂದಿದೆ. ರಾಜನಿಗೆ ಹಳೆಯ ಜರ್ಮನಿಕ್ ರೂಪ ‘ಕುನಿಂಗಜ್’ ಎಂದು ಪಂಡಿತರು ಲೆಕ್ಕ ಹಾಕಿ ಕಟ್ಟಿದ್ದಾರೆ. ಇಂಗ್ಲಿಷಿನಲ್ಲಿ ಅದು ಸವೆದು ‘ಕಿಂಗ್’ ಆಗಿದೆ. ಫಿನ್‌ಲೆಂಡಿನಲ್ಲಿ ಇವತ್ತಿಗೂ ರಾಜನಿಗೆ ‘ಕುನಿಂಗಸ್’ ಅನ್ನುತ್ತಾರೆ.