ಶೇವ್ ಎಕ್ಸಿಷನ್ ಅಂದರೆ ಏನು?

ಅವ್ವನ ಕತ್ತಿನ ಹಿಂದೆ ತೊಗರಿಬೇಳೆಯಷ್ಟು ಉಬ್ಬಿದ ಮಚ್ಚೆ ಇತ್ತು. ಬೇಸಿಗೆಯ ಬೆವರಿಗೆ ತಾಳಿ ಸರ ಅಂಟಿ ಅದಕ್ಕೆ ಸಿಕ್ಕಿಕೊಳ್ಳುತ್ತಿತ್ತು, ರಕ್ತ ಜಿನುಗುತ್ತಿತ್ತು. ಗಂಗಾವತಿಯಲ್ಲಿ ಚರ್ಮದ ಡಾಕ್ಟರು ನೋಡಿ ಚೀಟಿಯಲ್ಲಿ ‘ಶೇವ್ ಎಕ್ಸಿಷನ್’ ಎಂದು ಬರೆದರು. “ಶೇವಿಂಗ್ ಅಂದ್ರ ಗಡ್ಡ ಮಾಡೂದಲ್ಲೇನಪ?” ಅಂತ ಅವ್ವ ನನ್ನನ್ನು ಕೇಳಿದಳು.

ಅವ್ವ ಹಿಡಿದದ್ದು ಸರಿಯಾದ ಎಳೆಯನ್ನೇ. ಚರ್ಮದಿಂದ ಮೇಲೆದ್ದ ಗಂಟನ್ನು, ಬ್ಲೇಡು ಅಡ್ಡ ಹಿಡಿದು, ಸುತ್ತಲಿನ ಚರ್ಮದ ಮಟ್ಟಕ್ಕೆ ಸವರಿ ತೆಗೆಯುವುದೇ ಶೇವ್ ಎಕ್ಸಿಷನ್. ನಮ್ಮ ಕಡೆಯ ಹೊಲ ನೆನೆಸಿಕೊಳ್ಳಿ. ಎರೆ ಹೊಲದ ಬಿಳಿಜೋಳವನ್ನು ಬೇರು ಸಮೇತ ಕೀಳುತ್ತಾರೆ. ಕಾಲುವೆ ಗದ್ದೆಯ ಭತ್ತವನ್ನು ಕುಡುಗೋಲಿನಿಂದ ಕೊಯ್ಯುತ್ತಾರೆ, ಕೂಳೆ ಉಳಿಯುತ್ತದೆ. ಶೇವ್ ಎಕ್ಸಿಷನ್ ಈ ಭತ್ತದ ಕೊಯ್ಲಿನ ಹಾಗೆ. ಬೇರು ಸಮೇತ ಆಳಕ್ಕೆ ಕೊಯ್ದು ಹೊಲಿಗೆ ಹಾಕುವುದು ಬೇರೆ ಆಪರೇಷನ್. ಶೇವ್‌ನಲ್ಲಿ ಹೊಲಿಗೆ ಇಲ್ಲ. ಆದರೆ ಕೂಳೆ ಚಿಗುರಿದ ಹಾಗೆ ಮಚ್ಚೆ ಮತ್ತೆ ಬರಬಹುದು. ಇದನ್ನು ಮೊದಲೇ ತಿಳಿದಿರಬೇಕು.

ನಾನು ಪಕ್ಕದಲ್ಲೇ ನಿಂತಿದ್ದೆ. ಜೋಮು ಹಿಡಿಸಲು ಲಿಗ್ನೋಕೇನ್ ಚುಚ್ಚಿದರು. ಔಷಧ ತುಂಬಿ ಮಚ್ಚೆ ಇನ್ನಷ್ಟು ಉಬ್ಬಿತು. ಸವರಲು ಅದೇ ಅನುಕೂಲವಂತೆ. ಬ್ಲೇಡು ಎರಡು ಸಲ ಹಿಂದೆ ಮುಂದೆ ಆಡಿತು, ಅಷ್ಟೇ. ರಕ್ತ ನಿಲ್ಲಲು ಕಾಟರಿ, ಅಂದರೆ ಬಿಸಿಯಿಂದ ಸುಡುವ ಉಪಕರಣ, ಮುಟ್ಟಿಸಿದಾಗ ಕೂದಲು ಸುಟ್ಟ ವಾಸನೆ ಬಂತು. “ಸೂಜಿ ಚುಚ್ಚಿದಾಗ ಇರುವಿ ಕಡದಂಗಾತು, ಆಮ್ಯಾಲೆ ಏನೂ ಗೊತ್ತಾಗ್ಲಿಲ್ರಿ” ಎಂದಳು ಅವ್ವ. ಮೊಣಕಾಲು ತರಚಿದಂಥ ಗಾಯ. ವ್ಯಾಸಲಿನ್ ಹಚ್ಚಿ ಮುಚ್ಚಿಟ್ಟರೆ ಎರಡು ಮೂರು ವಾರಕ್ಕೆ ಮಾಯುತ್ತದೆ. ನಮ್ಮಂಥ ಕಂದು ಚರ್ಮದಲ್ಲಿ ಕಲೆ ಕೆಲವು ತಿಂಗಳು ಕಪ್ಪಾಗಿ ಉಳಿಯಬಹುದು. ಎದೆ, ಭುಜದ ಮೇಲಾದರೆ ಗಾಯ ದಪ್ಪಗೆ ಉಬ್ಬಿ ಕೀಲಾಯ್ಡ್ ಆಗುವ ಭಯ ಜಾಸ್ತಿ.

ಉಬ್ಬಿದ ಸಾದಾ ಮಚ್ಚೆಗೆ, ವಯಸ್ಸಾದವರಿಗೆ ಏಳುವ ಒರಟು ಕಂದು ಗಂಟಿಗೆ ಇದು ಹೊಂದುತ್ತದೆ. ನರಹುಲಿ ಬೇರೆ. ಅದು ವೈರಸ್‌ನಿಂದ ಬರುತ್ತದೆ, ಅದನ್ನು ಹೆಚ್ಚಾಗಿ ಸುಡುತ್ತಾರೆ ಇಲ್ಲವೇ ಹೆಪ್ಪುಗಟ್ಟಿಸುತ್ತಾರೆ. ಇನ್ನು ಬಣ್ಣ, ಆಕಾರ ಬದಲಾಗುತ್ತಿರುವ ಮಚ್ಚೆಯಲ್ಲಿ ಮೆಲನೋಮಾ ಎಂಬ ಕ್ಯಾನ್ಸರ್ ಅನುಮಾನವಿದ್ದರೆ, ಮೇಲೆ ಮೇಲೆ ಸವರಿ ಬಿಡುವಂತಿಲ್ಲ. ಆ ಕ್ಯಾನ್ಸರ್ ಎಷ್ಟು ಆಳಕ್ಕೆ ಇಳಿದಿದೆ ಎನ್ನುವುದರ ಮೇಲೇ ಚಿಕಿತ್ಸೆ ನಿಂತಿದೆ. ಬುಡ ಬಿಟ್ಟು ಕೊಯ್ದರೆ ಆ ಅಳತೆಯೇ ಸಿಗುವುದಿಲ್ಲ.

ನನಗೆ ಮುಖ್ಯ ಅನಿಸಿದ್ದು ಆ ಪುಟ್ಟ ಡಬ್ಬಿ. ಸವರಿದ ತುಂಡನ್ನು, ಕೆಡದಂತೆ ಇಡುವ ಫಾರ್ಮಾಲಿನ್ ದ್ರವ ಇದ್ದ ಡಬ್ಬಿಗೆ ಹಾಕಿ ಬಯಾಪ್ಸಿಗೆ, ಅಂದರೆ ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆಗೆ, ಕಳಿಸಿದರು. ನಮ್ಮೂರಲ್ಲಿ ಮಚ್ಚೆಗೆ ಸುಣ್ಣ ಸೋಡಾ ಹಚ್ಚಿ ಸುಡುವವರು, ಕೂದಲು ಬಿಗಿದು ಉದುರಿಸುವವರು ಈಗಲೂ ಇದ್ದಾರೆ. ಸುಣ್ಣ ಸುತ್ತಲಿನ ಚರ್ಮವನ್ನೂ ಸುಡುತ್ತದೆ. ಉದುರಿದ್ದು ಏನಾಗಿತ್ತು ಎಂದು ಯಾರಿಗೂ ತಿಳಿಯುವುದಿಲ್ಲ. ದಯವಿಟ್ಟು ಹಾಗೆ ಮಾಡಬೇಡಿ.

ಅವ್ವನದು ಸಾದಾ ಮಚ್ಚೆ ಎಂದು ರಿಪೋರ್ಟ್ ಬಂತು. ಕೆಲವು ತಿಂಗಳಿಗೆ ಕಲೆಯ ನಡುವೆ ಸಾಸಿವೆಯಷ್ಟು ಕಪ್ಪು ಚುಕ್ಕೆ ಮತ್ತೆ ಮೂಡಿತು. ಹೀಗೆ ಮರಳಿ ಬಂದ ಸಾದಾ ಮಚ್ಚೆಯೂ ಸೂಕ್ಷ್ಮದರ್ಶಕದಲ್ಲಿ ಮೆಲನೋಮಾದಂತೆ ಕಾಣುವುದುಂಟು. ಹಳೆಯ ರಿಪೋರ್ಟ್ ಕೈಯಲ್ಲಿದ್ದರೆ ಡಾಕ್ಟರಿಗೆ ಗೊಂದಲವಿಲ್ಲ. ಅವ್ವ ಆ ಕಾಗದವನ್ನು ಮಡಚಿ ರೇಷನ್ ಕಾರ್ಡಿನ ಜೊತೆ ಇಟ್ಟಿದ್ದಾಳೆ.